ಎರಡು ಚಪ್ಪಾಳೆ

ಮಂಗಳವಾರ ಬಂತೆಂದರೆ ಡೇನ್ ಕುಚೆರಾ ಬೇರೆ ಯಾರೋ ಆಗಿಬಿಡಬೇಕಿತ್ತು.

ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದವರು ಬಟ್ಟೆ ಬದಲಿಸುವ ಕೋಣೆಯಲ್ಲಿ, ಅವನ ಕಪಾಟಿನ ಕೊಕ್ಕೆಗೆ ತೆಳ್ಳನೆಯ ಹಸಿರು ಅಂಗಿಯೊಂದು ನೇತಾಡುತ್ತಿರುತ್ತಿತ್ತು. ಬೆನ್ನ ಮೇಲೆ ಬಿಳಿ ಅಂಟುಪಟ್ಟಿಯಲ್ಲಿ ಮೂಡಿಸಿದ ಒಂದು ಅಂಕಿ. ಆ ಶನಿವಾರ ಎದುರಾಗಲಿರುವ ತಂಡದಲ್ಲಿ ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ತೊಡುವ ಅಂಕಿ ಅದು. ಹಿಂದಿನ ವಾರದ ಪಟ್ಟಿ ಕಿತ್ತ ಜಾಗ ಇನ್ನೂ ಜಿಗುಟಾಗಿರುತ್ತಿತ್ತು. ಡೇನ್ ಅದನ್ನು ತಲೆಯ ಮೇಲಿಂದ ಎಳೆದುಕೊಂಡು ಮೈದಾನಕ್ಕೆ ಹೋಗಿ, ತನ್ನದೇ ತಂಡದ ತಡೆಯುವ ಹುಡುಗರ ಎದುರು ಆ ಪರಸ್ಥಳದವನ ಹಾಗೆ ನಿಲ್ಲಬೇಕು, ಅವನ ಹಾಗೆ ಓಡಬೇಕು, ಅವನ ಹಾಗೆ ಎಸೆಯಬೇಕು. ಶನಿವಾರ ನಿಜವಾದವನು ಬಂದು ನಿಂತಾಗ ಹುಡುಗರಿಗೆ ಅವನು ಹಳೆಯ ಪರಿಚಯದವನಂತೆ ಕಾಣಬೇಕು. ಬೆಂಚಿಗೆ ಇಳಿದ ಕ್ವಾರ್ಟರ್‌ಬ್ಯಾಕ್‌ಗೆ ಎಲ್ಲ ಕಾಲೇಜುಗಳಲ್ಲೂ ಇದೇ ಕೆಲಸ.

"ಏನಪ್ಪಾ, ಈ ವಾರ ಯಾರು ನೀನು?" ಓಟಿಸ್ ಬ್ರಾನಮ್ ಕೇಳಿದ. ಬಗ್ಗಿ ನಿಂತು ಕಾಲಿನ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಕೊಡುವ ಸೆಂಟರ್ ಅವನು. ಬಾಗಿಲು ತುಂಬುವಷ್ಟು ಮೈ, ಮಗುವಿನಂಥ ದನಿ.

"ಮ್ಯಾಕಾಫಿ. ಕೋಲ್ಟರ್ ಸ್ಟೇಟಿನವನು."

"ಹೋದ ವಾರದವನಿಗಿಂತ ವಾಸಿನಾ?"

"ಕೂದಲು ಜಾಸ್ತಿ ಇದೆ ಅಷ್ಟೇ."

"ಹಂಗಾದ್ರೆ ನಿನ್ ಕೈಲಾಗಲ್ಲ ಬಿಡು," ಎಂದು ಓಟಿಸ್ ಡೇನ್‌ನ ಹಣೆಯ ಮೇಲೆ ಹಿಂದೆ ಸರಿಯತೊಡಗಿದ್ದ ಕೂದಲನ್ನು ಕೆದರಿ ಹೋದ.

ಹೋದ ವರ್ಷ ಇದೇ ಕೊಕ್ಕೆಯಲ್ಲಿ ಕೆಂಪು ಅಂಗಿ ಇರುತ್ತಿತ್ತು. ಅಭ್ಯಾಸದ ವೇಳೆ ಕೆಂಪು ಅಂಗಿಯವನನ್ನು ಯಾರೂ ಕೆಡವುವಂತಿಲ್ಲ, ತಂಡದ ಕ್ವಾರ್ಟರ್‌ಬ್ಯಾಕ್ ಅವನು. ಚೆಂಡು ಮೊದಲು ಅವನ ಕೈಗೆ ಬರಬೇಕು, ಅವನ ಕೂಗಿಗೆ ಉಳಿದ ಹತ್ತು ಜನ ಏಳಬೇಕು. ಈ ಸೆಪ್ಟೆಂಬರಿನ ಒಂದು ಮಧ್ಯಾಹ್ನ ಡೇನ್ ಎಸೆದ ಚೆಂಡು ಮತ್ತೆ ಮತ್ತೆ ಎದುರಾಳಿಗಳ ಕೈಸೇರಿತು. ಮೊದಲನೆಯದು ತಪ್ಪು, ಎರಡನೆಯದು ದುರದೃಷ್ಟ, ಮೂರನೆಯದು ಹೆದರಿಕೆ. ಅರ್ಧ ಆಟಕ್ಕೆ ಕೋಚ್ ಹಾಲ್ವರ್ಸನ್ ಅವನನ್ನು ಕೂರಿಸಿ ಜಾವಾನ್ ಪ್ರೂಯಿಟ್ ಎಂಬ ಹೊಸ ಹುಡುಗನನ್ನು ಇಳಿಸಿದರು. ಜಾವಾನ್ ಗೆಲ್ಲಿಸಿಕೊಟ್ಟ. ಸೋಮವಾರ ಯಾರೂ ಡೇನ್‌ಗೆ ಏನೂ ಹೇಳಲಿಲ್ಲ. ಮಂಗಳವಾರ ಕೆಂಪು ಅಂಗಿ ಬೇರೆ ಕೊಕ್ಕೆಯಲ್ಲಿತ್ತು.

ಜಾವಾನ್‌ನನ್ನು ದ್ವೇಷಿಸಲಾದರೂ ಆಗಿದ್ದರೆ ಸುಲಭವಾಗುತ್ತಿತ್ತು. ಆದರೆ ಆ ಹುಡುಗ ಆಟದ ನಡುವೆ ಏದುಸಿರು ಬಿಡುತ್ತ ಬಂದು ಪಕ್ಕದಲ್ಲಿ ಕೂತು, "ಗುರು, ನಿಂಗೇನ್ ಕಾಣಿಸ್ತು?" ಎಂದು ಕೇಳುವನು. ಡೇನ್ ಕಂಡದ್ದನ್ನೆಲ್ಲ ಹೇಳುವನು. ಎಡಗಡೆಯವನು ಆಯಾಸಗೊಂಡಿದ್ದಾನೆ, ಹಿಂದಿನವನು ನಿನ್ನ ಕಣ್ಣನ್ನೇ ನೋಡುತ್ತಾನೆ, ಒಂದು ಸಲ ಬೇರೆ ಕಡೆ ನೋಡು. ಜಾವಾನ್ ಹಾಗೇ ಮಾಡುವನು. ಅದು ಫಲಿಸುವುದು. ಜನ ಎದ್ದು ನಿಂತು ಕೂಗುವರು. ಡೇನ್ ಕೂಡ ಎದ್ದು ನಿಲ್ಲುವನು, ಕೂತಿದ್ದರೆ ಚೆನ್ನಾಗಿರುವುದಿಲ್ಲವೆಂದು.

ಆ ಮಂಗಳವಾರ ಅಭ್ಯಾಸ ಮುಗಿದ ಮೇಲೆ ಹಾಲ್ವರ್ಸನ್ ಅವನನ್ನು ತಮ್ಮ ಕೋಣೆಗೆ ಕರೆದರು. ಮೂವತ್ತು ವರ್ಷ ಬಯಲ ಗಾಳಿಗೆ ಒಡ್ಡಿಕೊಂಡ ಮುಖ. ಮೇಜಿನ ಮೇಲೆ ಅರ್ಧ ತಿಂದ ದಾಲ್ಚಿನ್ನಿ ಬನ್ನು, ಪಕ್ಕದ ಬಟ್ಟಲಿನಲ್ಲಿ ತಣ್ಣಗಾದ ಮಾಂಸದ ಚಿಲ್ಲಿ. ನೆಬ್ರಾಸ್ಕದಲ್ಲಿ ಇವೆರಡನ್ನೂ ಬೇರೆ ಬೇರೆ ತಿನ್ನುವವನನ್ನು ಜನ ಅನುಮಾನದಿಂದ ನೋಡುತ್ತಾರೆ.

"ಕೂತ್ಕೋಪ್ಪ. ಇವತ್ತು ಮ್ಯಾಕಾಫಿ ಮಾಡಿದ್ಯಲ್ಲ, ನಂಗೆ ಮೈ ಜುಂ ಅಂತು. ಆ ಭುಜ ಕುಣಿಸೋದು, ಆ ಚಪ್ಪಾಳೆ. ನಿಜವಾದೋನೇ ಬಂದು ನಿಂತಂಗಿತ್ತು."

"ಥ್ಯಾಂಕ್ಸ್ ಕೋಚ್."

"ನೋಡು, ಸುತ್ತಿ ಬಳಸಿ ಹೇಳಲ್ಲ. ಮುಂದಿನ ವರ್ಷ ಆಟ ಬಿಟ್ಟು ನಮ್ ಕಡೆ ಬಾ. ಸಹಾಯಕ ಕೋಚ್ ಅಂತ ತಗೋತೀನಿ. ಈ ವಯಸ್ಸಿಗೆ ಹಿಂಗೆ ಆಟ ಓದೋರು ಸಿಗಲ್ಲ ನಂಗೆ."

ಡೇನ್ ತನ್ನ ಅಂಗೈ ನೋಡಿಕೊಂಡ. "ನಂಗೆ ಇನ್ನೊಂದು ವರ್ಷ ಆಡೋಕೆ ಇದೆ ಕೋಚ್."

"ಇದೆ. ಇಲ್ಲಿ ಇಲ್ಲ. ಸುಳ್ಳು ಹೇಳಿದ್ರೆ ನಿಮ್ಮಮ್ಮ ನನ್ನನ್ನೇ ಬಟ್ಟೆ ಒಗೆಯೋ ಮಿಷನ್‌ಗೆ ಹಾಕ್ತಾಳೆ." ನಕ್ಕರು, ಬಳಿಕ ನಗು ನಿಲ್ಲಿಸಿದರು. "ಸೋಮವಾರದ ಹೊತ್ತಿಗೆ ಹೇಳು. ಅವಸರ ಇಲ್ಲ ಅನ್ನೋಣ ಅಂದ್ರೆ, ಆ ಜಾಗಕ್ಕೆ ಇನ್ನೂ ಇಬ್ರು ಕಾಯ್ತಿದಾರೆ."

ಒಳ್ಳೆಯ ಮನುಷ್ಯ, ಒಳ್ಳೆಯ ಮಾತು. ಹೊರಗೆ ಬಂದ ಡೇನ್‌ಗೆ ಯಾರೋ ತನ್ನನ್ನು ಬಹಳ ಮೆತ್ತಗೆ ಮಲಗಿಸಿ ಹೊದಿಕೆ ಎಳೆದಂತೆ ಅನ್ನಿಸಿತು. ಆ ಹೊದಿಕೆ ಬೆಚ್ಚಗಿತ್ತು ಎನ್ನುವುದೇ ತೊಂದರೆ. ಬೇಸಿಗೆಯಲ್ಲಿ ದಕ್ಷಿಣ ಡಕೋಟದ ಯಾವುದೋ ಪುಟ್ಟ ಕಾಲೇಜಿನವರು ಕರೆ ಮಾಡಿ, ನಮ್ಮಲ್ಲಿಗೆ ಬಾ, ಆಡಿಸುತ್ತೇವೆ ಎಂದಿದ್ದರು. ಆಗ ಅವನು ನಕ್ಕು ಮರೆತಿದ್ದ. ಈಗ ಆ ಊರಿನ ಹೆಸರು ನೆನಪಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

ಅಮ್ಮನಿಗೆ ಫೋನ್ ಮಾಡಿದ. ಪ್ಲಮ್ ಫೋರ್ಕ್ ಎಂಬ ಊರಿನಲ್ಲಿ ಲೋರ್ನಾ ಕುಚೆರಾ ನಾಣ್ಯ ಹಾಕಿ ಬಟ್ಟೆ ಒಗೆದುಕೊಳ್ಳುವ ಅಂಗಡಿ ನಡೆಸುತ್ತಿದ್ದಳು. ಡೇನ್ ಬೆಳೆದದ್ದು ಅಲ್ಲೇ, ಯಂತ್ರಗಳ ಗುಡುಗುಡು ಸದ್ದಿನಲ್ಲಿ. ಶಾಲೆ ಬಿಟ್ಟು ಬಂದವನು ಮೋಟೆಲಿನವರ ಒದ್ದೆ ಟವೆಲುಗಳನ್ನು ಉಂಡೆ ಕಟ್ಟಿ, ಕೋಣೆಯ ಈ ಗೋಡೆಯಿಂದ ಆ ಗೋಡೆಯ ಒಣಗಿಸುವ ಯಂತ್ರದ ಬಾಯಿಗೆ ಎಸೆಯುತ್ತಿದ್ದ. ಒದ್ದೆ ಟವೆಲು ಮಧ್ಯದಲ್ಲೇ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಳ್ಳುವ ಮೊದಲೇ ತಲುಪಬೇಕಾದರೆ ಮಣಿಕಟ್ಟನ್ನು ಬೇಗ ತಿರುಗಿಸಬೇಕು, ಕೈಯನ್ನು ಪಕ್ಕದಿಂದ ತರಬೇಕು. ಮುಂದೆ ಕೋಚುಗಳೆಲ್ಲ ಆ ಎಸೆತವನ್ನು ತಿದ್ದಲು ನೋಡಿದರು. ಪೂರ್ತಿ ತಿದ್ದಲಾಗಲಿಲ್ಲ.

"ಕೋಚ್ ಆಗು ಅಂತಿದಾರೆ," ಎಂದ.

"ನೀನೇನಂದೆ?"

"ಸೋಮವಾರ ಹೇಳ್ತೀನಿ ಅಂದೆ."

ಫೋನಿನಲ್ಲಿ ಯಂತ್ರವೊಂದು ತಿರುಗಿ ನಿಂತ ಸದ್ದು. "ಸುಸ್ತಾಗಿದೀಯೇನೋ?"

"ಓಡಿ ಸುಸ್ತಾಗಿಲ್ಲಮ್ಮ."

"ಗೊತ್ತು. ನಿಂತೂ ನಿಂತೂ ಆಗೋ ಸುಸ್ತು. ನಂಗೆ ಹೇಳ್ಕೊಡ್ಬೇಡ ಅದನ್ನ." ಅವಳು ಯಾರಿಗೋ, ಆ ಮಿಷನ್ ಬೇಡ ಕಣ್ರೀ, ಅದು ನಾಣ್ಯ ನುಂಗತ್ತೆ, ಎಂದು ಕೂಗಿ ಮತ್ತೆ ಇತ್ತ ಬಂದಳು. "ಶನಿವಾರ ಬರ್ತೀನಿ. ಆಡ್ಸಿದ್ರೂ ಬರ್ತೀನಿ, ಆಡ್ಸದಿದ್ರೂ ಬರ್ತೀನಿ. ಟಿಕೆಟ್ಟಿಗೆ ಎರಡಕ್ಕೂ ಒಂದೇ ರೇಟು."

ಬುಧವಾರ, ಗುರುವಾರ ಡೇನ್ ಮ್ಯಾಕಾಫಿಯಾಗಿಯೇ ಇದ್ದ. ಎಲ್ಲ ತಂಡಗಳಿಗೂ ಆಟ ಶುರುಮಾಡುವ ಒಂದು ಸನ್ನೆ ಇರುತ್ತದೆ. ಇವರ ತಂಡದಲ್ಲಿ ಅದು ಬಾಯಿಯ ಕೂಗು: "ಸೆಟ್" ಎಂದಾಗ ಎಲ್ಲರೂ ಕಲ್ಲಾಗಬೇಕು, "ಹಟ್" ಎಂದಾಗ ಓಟಿಸ್ ಚೆಂಡು ಕೊಡಬೇಕು. ಕೋಲ್ಟರ್ ಸ್ಟೇಟಿನವರದು ಕೂಗಲ್ಲ, ಚಪ್ಪಾಳೆ. ಮ್ಯಾಕಾಫಿ ಭುಜ ಒಮ್ಮೆ ಕುಣಿಸಿ, ಎದೆಯ ಮುಂದೆ ಎರಡು ಸಲ ಚಪ್ಪಾಳೆ ತಟ್ಟುತ್ತಾನೆ. ಎರಡನೆಯದಕ್ಕೆ ಚೆಂಡು ಬರುತ್ತದೆ. ಡೇನ್ ದಿನವಿಡೀ ತಟ್ಟಿದ. ಎದುರಿನ ಹುಡುಗರಿಗೆ ಅದು ರಕ್ತಕ್ಕೆ ಇಳಿಯುವ ತನಕ ತಟ್ಟಿದ. ಊಟದ ಸಾಲಿನಲ್ಲಿ ನಿಂತಾಗ, ಹಲ್ಲುಜ್ಜಿ ಬ್ರಷ್ ಇಟ್ಟಾಗ, ಕೈಗಳು ತಾವಾಗಿ ಎದೆಯ ಮುಂದೆ ಬಂದವು. ಅದನ್ನು ನೋಡಿ ಅವನಿಗೆ ನಗು ಬಂತು. ಸ್ವಲ್ಪ ಹೊತ್ತಿನ ಮೇಲೆ ಬರಲಿಲ್ಲ.

ಶನಿವಾರ ಬಿಸಿಲಿತ್ತು, ಆದರೆ ಕಾವಿರಲಿಲ್ಲ. ಡೇನ್ ಅಂಚಿನ ಗೆರೆಯ ಹೊರಗೆ ಟೋಪಿ ಹಾಕಿಕೊಂಡು ನಿಂತಿದ್ದ, ಹೆಲ್ಮೆಟ್ ಕಾಲ ಬುಡದಲ್ಲಿ. ಅವನು ಕಲಿಸಿದ ಮ್ಯಾಕಾಫಿಯನ್ನು ಅವನ ಹುಡುಗರು ಚೆನ್ನಾಗಿಯೇ ಹಿಡಿದುಹಾಕುತ್ತಿದ್ದರು. ಆದರೂ ಆಟದ ಕೊನೆಯ ಭಾಗಕ್ಕೆ ಬರುವ ಹೊತ್ತಿಗೆ ತಂಡ ಎರಡು ಅಂಕ ಹಿಂದೆ ಇತ್ತು. ಮೂರನೆಯ ಯತ್ನ. ಇನ್ನೂ ಎಂಟು ಗಜ ಬೇಕು, ಸಿಗದಿದ್ದರೆ ಚೆಂಡು ಎದುರಾಳಿಗೆ ಹೋದಂತೆಯೇ, ಅದರ ಜೊತೆ ಆಟವೂ.

ಆ ಮೂರನೆಯ ಯತ್ನಕ್ಕೆ ಮುಂಚಿನ ಓಟದಲ್ಲಿ ಇಬ್ಬರು ಬಂದು ಜಾವಾನ್‌ನನ್ನು ಕೆಡವಿದ್ದರು. ಅವನಿಗೇನೂ ಆಗಿರಲಿಲ್ಲ. ಹೆಲ್ಮೆಟ್ ಮಾತ್ರ ತಲೆಯಿಂದ ಕಳಚಿ, ಕುಂಬಳಕಾಯಿಯ ಹಾಗೆ ಹುಲ್ಲಿನ ಮೇಲೆ ಉರುಳಿಕೊಂಡು ಹೋಯಿತು. ಹೆಲ್ಮೆಟ್ ಕಳಚಿದವನು ಮುಂದಿನ ಒಂದು ಯತ್ನಕ್ಕೆ ಹೊರಗೆ ಕೂರಬೇಕು. ನಿಯಮ ಹಾಗಿದೆ. ಒಂದೇ ಒಂದು ಯತ್ನ.

"ಕುಚೆರಾ," ಎಂದರು ಹಾಲ್ವರ್ಸನ್. ಅವರ ದನಿಯಲ್ಲಿ ಬೇರೆ ದಾರಿಯಿಲ್ಲದವನ ಸಮಾಧಾನವಿತ್ತು. "ಚಿಕ್ಕ ಎಸೆತ. ಬಲಗಡೆಗೆ. ಏನೂ ಹೊಸದು ಮಾಡ್ಬೇಡ."

ಹೆಲ್ಮೆಟ್ಟಿನ ಪಟ್ಟಿ ಕಟ್ಟಿಕೊಳ್ಳುತ್ತ ಓಡುವಾಗ ಎದುರಿಗೆ ಬಂದ ಜಾವಾನ್ ಅವನ ಭುಜ ತಟ್ಟಿ, "ಹಿಂದಿರೋನು ಮುಂದಕ್ಕೆ ಬಂದಿದಾನೆ ಗುರು," ಎಂದ. ಮೊದಲ ಸಲ ಅವನು ಹೇಳಿದ, ಡೇನ್ ಕೇಳಿಸಿಕೊಂಡ.

ಹತ್ತು ಬೆವೆತ ಮುಖಗಳು ಸುತ್ತುವರಿದವು. ಓಟಿಸ್ ಅಭ್ಯಾಸಬಲದಿಂದ ಕೇಳಿಯೇಬಿಟ್ಟ. "ಯಾರು ನೀನು?"

"ನಾನೇ ಕಣೋ," ಎಂದ ಡೇನ್. ಯಾರೂ ನಗಲಿಲ್ಲ. ಆಡಬೇಕಾದ ಎಸೆತದ ಹೆಸರು ಹೇಳಿದ. ದನಿ ಸರಿಯಾಗಿಯೇ ಬಂತು.

ತಮ್ಮ ತಂಡದ ಕೈಯಲ್ಲಿ ಚೆಂಡಿರುವಾಗ ಮನೆಯ ಜನ ಸದ್ದು ಮಾಡುವುದಿಲ್ಲ. ಕ್ವಾರ್ಟರ್‌ಬ್ಯಾಕ್‌ನ ಕೂಗು ಕೇಳಲಿ ಎಂದು ತುಟಿ ಬಿಗಿದು ಕೂರುತ್ತಾರೆ. ಇಡೀ ಮೈದಾನ ಚರ್ಚಿನ ಹಾಗಾಯಿತು. ಡೇನ್ ಓಟಿಸ್‌ನ ಹಿಂದೆ ನಾಲ್ಕೈದು ಹೆಜ್ಜೆ ದೂರ ನಿಂತ. ಎದುರಿಗೆ ಕೋಲ್ಟರ್ ಸ್ಟೇಟಿನ ಬಿಳಿ ಸಾಲು, ಉಗುರು ನೆಲಕ್ಕೂರಿದ ಕೈಗಳು. ಎಷ್ಟೋ ವಾರಗಳಿಂದ ಕಾಯುತ್ತಿದ್ದ ಜಾಗ ಇದೇ. ಎಡ ನೋಡಿದ, ಬಲ ನೋಡಿದ. ಭುಜ ಒಮ್ಮೆ ಕುಣಿಯಿತು. ಕೈಗಳು ಎದೆಯ ಮುಂದೆ ಬಂದವು.

ಎರಡು ಚಪ್ಪಾಳೆ.

ಆ ಮೌನದಲ್ಲಿ ಅದು ಕಟ್ಟಿಗೆ ಸೀಳಿದ ಸದ್ದಿನ ಹಾಗೆ ಕೇಳಿಸಿತು. ಅವನ ಕಡೆಯ ಸಾಲು ಅಲುಗಲಿಲ್ಲ. ಅವರಿಗೆ ಚಪ್ಪಾಳೆಯೆಂದರೆ ಬರೀ ಚಪ್ಪಾಳೆ. ಆದರೆ ಎದುರಿನ ಹುಡುಗರು ಬೇಸಿಗೆಯಿಡೀ ತಮ್ಮ ಮ್ಯಾಕಾಫಿಯ ಎದುರೇ ಅಭ್ಯಾಸ ಮಾಡಿದವರು. ಎರಡನೆಯ ಚಪ್ಪಾಳೆಗೆ ಅವರಲ್ಲಿ ಇಬ್ಬರು ಕಟ್ಟು ಹರಿದ ಹೋರಿಗಳಂತೆ ಗೆರೆ ದಾಟಿ ನುಗ್ಗಿದರು. ಓಟಿಸ್‌ನ ಕೈಯಲ್ಲಿ ಚೆಂಡು ಇದ್ದ ಹಾಗೇ ಇತ್ತು. ತೀರ್ಪುಗಾರರ ಹಳದಿ ಬಟ್ಟೆ ಗಾಳಿಯಲ್ಲಿ ಹಾರಿತು. ಅವಸರಪಟ್ಟವರಿಗೆ ದಂಡ, ಇವರಿಗೆ ಐದು ಗಜ ಬಿಟ್ಟಿ.

ಜನ ಹುಚ್ಚೆದ್ದು ಕೂಗಿದರು. ಅಂಚಿನ ಗೆರೆಯಲ್ಲಿ ಹಾಲ್ವರ್ಸನ್ ತಮ್ಮ ತಲೆಗೆ ಬೆರಳು ತಟ್ಟಿ ತೋರಿಸಿದರು: ಇದು ತಲೆ ಅಂದರೆ. ಓಟಿಸ್ ತಿರುಗಿ ಹಲ್ಲುಬಿಟ್ಟ. "ಎಲಾ ಕಳ್ಳ. ಒಂದು ಮಾತು ಹೇಳ್ಬಾರ್ದಾ?"

ಡೇನ್‌ನ ಕೈಗಳು ಇನ್ನೂ ಎದೆಯ ಮುಂದೆಯೇ ಇದ್ದವು. ಅವನು ಅವನ್ನು ಯಾರೋ ಬಿಟ್ಟುಹೋದ ಕೈಗವಸುಗಳಂತೆ ನೋಡಿದ.

ಚೆಂಡು ಅಲುಗಿಯೇ ಇರದ ಆ ಯತ್ನ ಲೆಕ್ಕಕ್ಕಿಲ್ಲವಾದ್ದರಿಂದ ಜಾವಾನ್ ಇನ್ನೂ ಹೊರಗೇ ಇರಬೇಕು. ಅದೇ ಯತ್ನ ಮತ್ತೆ, ಈಗ ಮೂರು ಗಜ. ಡೇನ್ ಕೈಗಳನ್ನು ಬೇಕೆಂದೇ ತೊಡೆಗೆ ಒರಸಿ, ಅಲ್ಲೇ ಒತ್ತಿ ಹಿಡಿದ. ಮತ್ತೆ ಮೌನ. "ಸೆಟ್," ಎಂದ. ಅದು ಬಹಳ ದಿನ ಮುಚ್ಚಿಟ್ಟ ಬಾಗಿಲಿನ ಹಾಗೆ ಕಿರುಗುಟ್ಟಿತು. "ಹಟ್."

ಓಟಿಸ್‌ನ ಕೈಗೆ ಇವನ ಎತ್ತರ ಮರೆತುಹೋಗಿತ್ತು. ಚೆಂಡು ಕೆಳಗೆ ಬಂತು. ಮೊಣಕಾಲಿನ ಕೆಳಗೆ ಅದನ್ನು ಹೆಕ್ಕುವಷ್ಟರಲ್ಲಿ ಒಬ್ಬ ಎದೆಯ ಮುಂದಿದ್ದ, ಅವನ ಎತ್ತಿದ ಕೈ ಆಕಾಶವನ್ನೇ ಮುಚ್ಚಿತ್ತು. ಕಲಿತ ಹಾಗೆ ಎಸೆಯಲು ಜಾಗವಿರಲಿಲ್ಲ. ಡೇನ್ ಕೈಯನ್ನು ಪಕ್ಕದಿಂದ ತಂದ, ಮಣಿಕಟ್ಟು ತಿರುಗಿತು. ಚೆಂಡು ಎತ್ತಿದ ಕೈಯ ಕೆಳಗಿಂದ ತೂರಿ, ಬಲಗಡೆ ಓಡುತ್ತಿದ್ದವನ ಹೊಟ್ಟೆಗೆ ಹೋಗಿ ಕೂತಿತು. ನಾಲ್ಕು ಗಜ. ಸಾಕಿತ್ತು.

ಅಷ್ಟೇ. ಜಾವಾನ್ ಓಡಿ ಬಂದ, ಡೇನ್ ಓಡಿ ಹೋದ. ಮುಂದೆ ಜಾವಾನ್ ತಂಡವನ್ನು ಇನ್ನಷ್ಟು ಮುಂದಕ್ಕೆ ಒಯ್ದ, ಒದೆಯುವ ಹುಡುಗ ಚೆಂಡನ್ನು ಕಂಬಗಳ ನಡುವೆ ಒದ್ದ, ಒಂದು ಅಂಕದಿಂದ ಗೆದ್ದರು. ಆ ಸಂಜೆ ಊರಿನವರ ಬಾಯಲ್ಲೆಲ್ಲ ಚಪ್ಪಾಳೆಯದೇ ಮಾತು. ಟೀವಿಯವರು ಅದನ್ನು ನಿಧಾನವಾಗಿ ಮತ್ತೆ ಮತ್ತೆ ತೋರಿಸಿದರು. ಆಮೇಲಿನ ಎಸೆತವನ್ನು ಯಾರೂ ತೋರಿಸಲಿಲ್ಲ. ನಾಲ್ಕು ಗಜದ ಎಸೆತ ಯಾರು ಬೇಕಾದರೂ ಎಸೆಯುತ್ತಾರೆ.

ಭಾನುವಾರ ಡೇನ್ ಪ್ಲಮ್ ಫೋರ್ಕ್‌ಗೆ ಹೋಗಿ ಅಮ್ಮನ ಅಂಗಡಿಯಲ್ಲಿ ಟವೆಲು ಮಡಿಸುತ್ತ ಕೂತ. ಚರ್ಚಿನಿಂದ ಬರುತ್ತಿದ್ದವರು ಕಿಟಕಿಯಾಚೆ ನಿಂತು, ಅವನನ್ನು ಕಂಡು ಎರಡು ಚಪ್ಪಾಳೆ ತಟ್ಟಿ ನಕ್ಕು ಹೋದರು. ಅವನು ಕೈ ಬೀಸಿದ.

"ಊರೆಲ್ಲ ನಿನ್ ತಲೇನ ಹೊಗಳ್ತಿದೆ," ಎಂದಳು ಲೋರ್ನಾ.

"ಅದು ತಲೆ ಅಲ್ಲಮ್ಮ. ನಂಗೆ ಮರ್ತೋಗಿತ್ತು."

"ಏನು ಮರ್ತೋಗಿತ್ತು?"

"ನಾನು ಯಾವ ಕಡೆಯೋನು ಅಂತ."

ಲೋರ್ನಾ ಟವೆಲನ್ನು ಮಡಿಸಿ, ಮತ್ತೆ ಅರ್ಧ ಮಾಡಿ, ಅಂಗೈಯಿಂದ ತೀಡಿದಳು. "ನಂಗೆ ಆಗ್ಲೇ ಗೊತ್ತಾಯ್ತು. ಎಲ್ರೂ ಕುಣೀತಿದ್ರು, ನಾನು ನಿನ್ನ ನೋಡ್ತಿದ್ದೆ. ಕುಕೀ ಡಬ್ಬಿಗೆ ಕೈ ಹಾಕಿ ಸಿಕ್ಕಿಬಿದ್ದಾಗ ಹಿಂಗೇ ನಿಲ್ತಿದ್ದೆ ನೀನು." ಇನ್ನೊಂದು ಟವೆಲು ಎತ್ತಿಕೊಂಡಳು. "ಆಮೇಲೆ ಎಸೆದ್ಯಲ್ಲ, ಅದು ನಮ್ಮಂಗಡಿ ಎಸೆತ."

"ಕೋಚ್ ಬೈತಾರೆ ಅದಕ್ಕೆ."

"ಬೈಲಿ. ನಾನೂ ಬೈತಿದ್ದೆ. ಎಷ್ಟು ಟವೆಲು ನೆಲಕ್ಕೆ ಬಿದ್ದು ಮತ್ತೆ ಒಗ್ದಿದೀನಿ." ಟವೆಲಿನ ಅಂಚು ಜೋಡಿಸುತ್ತ ಕೇಳಿದಳು. "ಆ ಡಕೋಟದವರು ಇನ್ನೂ ಕರೀತಿದಾರಾ?"

"ಬೆಳಗ್ಗೆ ಮೆಸೇಜ್ ಕಳ್ಸಿದ್ರು. ಚಪ್ಪಾಳೆ ಬಗ್ಗೆ ಏನೂ ಇಲ್ಲ ಅದ್ರಲ್ಲಿ. ಆ ಕೆಳಗೆ ಬಂದ ಚೆಂಡನ್ನ ಹೆಂಗೆ ಎತ್ತಿದೆ ಅಂತ ಕೇಳಿದಾರೆ."

ಏನಾದರೂ ಹೇಳುವುದಿದ್ದಾಗ ಲೋರ್ನಾ ಮಡಿಸುವುದನ್ನು ನಿಲ್ಲಿಸುತ್ತಿದ್ದಳು. ಈಗ ನಿಲ್ಲಿಸಲಿಲ್ಲ.

ಸೋಮವಾರ ಹಾಲ್ವರ್ಸನ್ ಅವನನ್ನು ಕಂಡೊಡನೆ ಕುರ್ಚಿ ಎಳೆದು ಕೊಟ್ಟರು. "ನೋಡಿದ್ಯಾ? ನಾನೇನ್ ಹೇಳಿದ್ದೆ? ಹುಟ್ಟಾ ಕೋಚ್ ಕಣಯ್ಯ ನೀನು."

"ಕೋಚ್, ಅದು ತಪ್ಪಾಗಿ ಆಗಿದ್ದು. ವಾರವೆಲ್ಲ ತಟ್ಟೀ ತಟ್ಟೀ, ಕೈ ತಾನಾಗೇ ಹೋಯ್ತು."

ಹಾಲ್ವರ್ಸನ್ ಕಿಟಕಿಯ ಕಡೆ ತಿರುಗಿದರು. ಅದರಾಚೆ ಮಂಗಳವಾರಕ್ಕೆಂದು ಯಾರೋ ಹಸಿರು ಅಂಗಿಯ ಮೇಲೆ ಹೊಸ ಅಂಕಿ ಅಂಟಿಸುತ್ತಿದ್ದರು. "ಇದನ್ನ ಬೇರೆ ಯಾರಿಗಾದ್ರೂ ಹೇಳಿದೀಯಾ?"

"ಅಮ್ಮಂಗೆ."

"ಅಷ್ಟಕ್ಕೇ ನಿಲ್ಸು." ಅವರ ಮೀಸೆಯಡಿ ನಗು ಬಂದು ಹೋಯಿತು. "ಆದ್ರೂ ಆ ಜಾಗ ನಿಂದೇ. ತಪ್ಪಿಂದಾನೇ ಗೊತ್ತಾಗತ್ತೆ, ಎಷ್ಟು ಚೆನ್ನಾಗಿ ಇನ್ನೊಬ್ಬ ಆಗ್ತೀಯ ಅಂತ."

"ಅದೇ ಭಯ ಕೋಚ್," ಎಂದ ಡೇನ್. ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಟ್ಟಿದ್ದ ಮಾತುಗಳು ಯಾವುವೂ ನೆನಪಾಗಲಿಲ್ಲ. "ಇದು ಚೆನ್ನಾಗಿ ಬರ್ತಿದೆ ನಂಗೆ. ಇನ್ನೊಂದು ವರ್ಷ ಮಾಡಿದ್ರೆ ಇದೇ ಆಗೋಗ್ತೀನಿ. ಈ ವರ್ಷ ಮುಗಿಯೋವರ್ಗೂ ಯಾರ ಅಂಗಿ ಕೊಟ್ರೂ ಹಾಕ್ಕೋತೀನಿ. ಆಮೇಲೆ ಡಕೋಟದ ಒಂದು ಪುಟ್ಟ ಕಾಲೇಜಿಗೆ ಹೋಗ್ತೀನಿ. ಆಡೋಕೆ."

"ಅಲ್ಲಿ ಆಟ ನೋಡೋಕೆ ಬರೋದು ಆಟಗಾರರ ಅಪ್ಪ ಅಮ್ಮ ಅಷ್ಟೇ, ಗೊತ್ತಾ?"

"ನಮ್ಮಮ್ಮ ಹೆಂಗೂ ಬರ್ತಾಳೆ."

"ಅಲ್ಲೂ ಕೂರಿಸಬಹುದು ನಿನ್ನ."

"ಕೂರಿಸಬಹುದು."

ಹಾಲ್ವರ್ಸನ್ ಎದ್ದು ಕೈ ಚಾಚಿದರು. ಒರಟು, ಬೆಚ್ಚನೆಯ ಕೈ. "ಆ ಪಕ್ಕದಿಂದ ಎಸೆಯೋದನ್ನ ಬಿಡ್ಸೋಕೆ ನೋಡ್ತಾರೆ. ಬಿಡ್ಬೇಡ," ಎಂದರು. ಮೂರು ವರ್ಷ ಅದನ್ನು ಬಿಡಿಸಲು ನೋಡಿದವರು ಅವರೇ.

ಮುಂದಿನ ಆಗಸ್ಟಿನಲ್ಲಿ, ಧಾನ್ಯದ ಎತ್ತರದ ಉಗ್ರಾಣದ ನೆರಳು ಅರ್ಧ ಮೈದಾನಕ್ಕೆ ಬೀಳುವ ಒಂದು ಊರಿನಲ್ಲಿ, ಡೇನ್ ಮೊದಲ ದಿನದ ಅಭ್ಯಾಸಕ್ಕೆ ನಿಂತ. ಕೆಂಪು ಅಂಗಿ ಮೂರು ಜನರಿಗೆ ಹಂಚಿಹೋಗಿತ್ತು. ಯಾರಿಗೆ ಉಳಿಯುತ್ತದೆಂದು ಇನ್ನೂ ಯಾರೂ ಹೇಳಿರಲಿಲ್ಲ. ಪ್ರಯಾಣದ ಸುಸ್ತು ಮೈಯಲ್ಲಿತ್ತು, ಅದರ ಕೆಳಗೆ ಹಳೆಯ ಸುಸ್ತೂ ಇತ್ತು. ಅದು ಹೋಗಿರಲಿಲ್ಲ. ಮುಂದಿನ ಸಾಲಿನಲ್ಲಿ ಬಗ್ಗಿದ್ದ ಹುಡುಗರ ಹೆಸರು ಪೂರ್ತಿ ಗೊತ್ತಿರಲಿಲ್ಲ, ಅವರಿಗೆ ಇವನ ದನಿ ಗೊತ್ತಿರಲಿಲ್ಲ.

"ಸೆಟ್," ಎಂದ. ಎಡಗಡೆಯವನು ಅವಸರಪಟ್ಟು ಮುಗ್ಗರಿಸಿದ. ಉಳಿದವರು ಎದ್ದು ನಿಂತು ಅವನನ್ನು ಆಡಿಕೊಂಡರು.

"ನನ್ ತಪ್ಪು," ಎಂದ ಹುಡುಗ. "ನಿಮ್ ಕೂಗು ಇಷ್ಟು ನಿಧಾನ ಅಂತ ಗೊತ್ತಿರ್ಲಿಲ್ಲ."

"ಪರವಾಗಿಲ್ಲ," ಎಂದ ಡೇನ್. "ನಂದು ನಿಧಾನಾನೇ. ಕೇಳಿಸ್ಕೋ."

ಎಲ್ಲರೂ ಮತ್ತೆ ಬಗ್ಗಿದರು. ಅವನು ಕೈಗಳನ್ನು ಮುಂದಕ್ಕೆ ಚಾಚಿ, ಬೆರಳು ಅಗಲಿಸಿ, ಚೆಂಡಿಗಾಗಿ ತೆರೆದಿಟ್ಟ. ಉಸಿರು ಎಳೆದುಕೊಂಡು, ಮೊದಲಿನಷ್ಟೇ ನಿಧಾನವಾಗಿ, ಮತ್ತೆ ಕೂಗಿದ.